ಐದನೆಯ ಕೂ

ಬೀರಿಯನ್ನು ಹೆದರಿಸಿ ಗೆದ್ದವರು ಅಂಕೋಲೆಯ ಸುತ್ತಲಿನ ಹತ್ತೂರಿನಲ್ಲಿ ಯಾರಾದರೂ ಇದ್ದರೆ ಕರೆತನ್ನಿ, ಹಾರ ಹಾಕಿ ಕೂರಿಸೋಣ. ಎತ್ತರ ನಾಲ್ಕೂವರೆ ಅಡಿ, ಕುತ್ತಿಗೆ ತುಂಬ ಮಣಿಸರ, ಮಾತು ಮಾತ್ರ ಆಳೆತ್ತರ. ಬಾಳೆಗುಳಿ ಕ್ರಾಸಿನ ಹತ್ತಿರ ಸಿಮೆಂಟು, ಕಬ್ಬಿಣ ತುಂಬಿಡುವ ಯಾರ್ಡೊಂದು ಇತ್ತಲ್ಲ, ಅದರ ಗೇಟಿನಲ್ಲಿ ಏಳು ವರ್ಷ ಕಾವಲು ನಿಂತವಳು. ಆ ಏಳು ವರ್ಷದಲ್ಲಿ ಐವತ್ತಮೂರು ದಿನ ಮಾತ್ರ ಗೇಟಿನ ಹೊರಗೆ ನಿಂತು ಕಾದಳು. ಹೇಳಬೇಕಾದ್ದು ಆ ಐವತ್ತಮೂರು ದಿನದ ಕತೆಯನ್ನೇ.

ಕಾವಲು ಅವಳಿಗೆ ಯೂನಿಫಾರ್ಮಿನ ಜೊತೆಗೆ ಬಂದ ವಿದ್ಯೆಯಲ್ಲ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಅವರ ಕೇರಿ ಕೊಪ್ಪದ ಗದ್ದೆಬಯಲಿನಲ್ಲಿ ಭತ್ತ ಹಾಲುಗಟ್ಟುವ ಹೊತ್ತಿಗೆ ಹಗಲೂ ರಾತ್ರಿಯೂ ಮಾಳ ಹತ್ತಿ ಕೂರುವ ಪಾಳಿ ಅವಳದೇ. ಮಾಳ ಅಂದರೆ ನಾಲ್ಕು ಕಂಬದ ಮೇಲೆ ಕಟ್ಟಿದ ಅಟ್ಟ, ಮೇಲೊಂದು ಸೋಗೆಯ ಮಾಡು. ಹಗಲು ಮಂಗ, ಗಿಳಿ ಓಡಿಸಲು ಹೆಂಗಸರು ಮಕ್ಕಳು, ಕತ್ತಲಾದ ಮೇಲೆ ಹಂದಿ ಕಾಯಲು ಗಂಡಸರು. ಬಯಲಿಗೆ ಹತ್ತು ಮಾಳ. ಮೇಲಿನ ಮಾಳದವರು "ಕೂ..." ಎಂದು ಉದ್ದಕ್ಕೆ ಕೂಗಿದರೆ ಎರಡನೆಯವರು ಓಗೊಡಬೇಕು, ಆಮೇಲೆ ಮೂರನೆಯವರು, ಹೀಗೆ ಕಡೆಯ ಮಾಳದವರೆಗೆ. ಅದಕ್ಕೊಂದು ಕಟ್ಟಳೆ. ನಿಮ್ಮ ಹಿಂದಿನವರ ಕೂ ಬರಲಿಲ್ಲವೋ, ನೀವು ಅವರನ್ನು ಹಾರಿಸಿ ಕೂಗುವಂತಿಲ್ಲ. ಇಳಿದು ಹೋಗಿ ನೋಡಬೇಕು: ನಿದ್ದೆಯೋ, ಜ್ವರವೋ, ಹಾವೋ. ಬದುಕಿದ್ದವರನ್ನು ಹಾರಿಸಿ ಕೂಗುವುದೆಂದರೆ ಅವರ ಹೆಣ ಎತ್ತಿದ ಹಾಗೆ ಎಂದು ಹಿರಿಯರು ಹೇಳುತ್ತಿದ್ದರು.

ಎಂಬತ್ಮೂರರಲ್ಲಿ ಬೀರಿಗೆ ಮದುವೆಯಾಯಿತು. ಗಂಡ ಸುಕ್ರು ಚಿರೆಕಲ್ಲಿನ ಕ್ವಾರಿಯಲ್ಲಿ ಕಲ್ಲು ಹೊರುತ್ತಿದ್ದ. ಎಂಬತ್ತೊಂಬತ್ತರಲ್ಲಿ ದರೆ ಕುಸಿದು ಅವನ ಸೊಂಟ ಮುರಿಯಿತು. ಬೀರಿ ಕ್ವಾರಿಯ ಮಾಲೀಕನ ಹತ್ತಿರ ಪರಿಹಾರ ಕೇಳಲು ಹೋದರೆ ಅವನು ಪುಸ್ತಕ ತೆಗೆದು, ಬೆರಳಾಡಿಸಿ, "ಸುಕ್ರು ಅನ್ನೋನು ಇದರಲ್ಲಿ ಇಲ್ಲವಲ್ಲ" ಎಂದ. ಆರು ವರ್ಷ ಕಲ್ಲು ಹೊತ್ತ ಗಂಡಸು ಒಂದು ಪುಟ ಮಗುಚುವಷ್ಟರಲ್ಲಿ ಇಲ್ಲವಾದ. ಕಾರವಾರದಲ್ಲಿ ಇದಕ್ಕೆಲ್ಲ ಒಂದು ಲೇಬರ್ ಆಫೀಸು ಉಂಟು, ಹೋಗಿ ಕೇಳು ಎಂದು ಯಾರೋ ಹೇಳಿದರು. ಬೀರಿ ಹೋಗಲಿಲ್ಲ. ಆಫೀಸು, ಕುರ್ಚಿ, ಸಾಹೇಬರು ಎಂದರೆ ಆಗ ಅವಳಿಗೂ ಹೆದರಿಕೆ. ಹಾಗೆ ಹೆದರಿ ಕೂತಿದ್ದಕ್ಕೆ ತನ್ನ ಮೇಲೆ ತನಗೇ ಬಂದ ಸಿಟ್ಟು ಅವಳಿಗೆ ಆಮೇಲೆ ಹೋಗಲೇ ಇಲ್ಲ.

ತೊಂಬತ್ತೊಂದರಲ್ಲಿ ಬಾಳೆಗುಳಿಗೆ ಯಾರ್ಡು ಬಂತು, ಯಾರ್ಡಿನ ಬೆನ್ನಿಗೇ ಮಾಜಾಳಿಯ ಉದಯ ಬಂದ. ಗೋವೆಯಲ್ಲಿ ಹತ್ತು ವರ್ಷ ಯಾವುದೋ ಕಾರ್ಖಾನೆಯ ಗೇಟು ಕಾದು, ಮೀಸೆ ಬೆಳೆಸಿಕೊಂಡು, ಕಾರವಾರದಲ್ಲಿ ಒಂದು ಕೋಣೆ ಹಿಡಿದು ಸೆಕ್ಯೂರಿಟಿ ಏಜೆನ್ಸಿ ಎಂದು ಬೋರ್ಡು ಹಾಕಿದವನು. ಯಾರ್ಡಿನ ಕಾವಲಿನ ಗುತ್ತಿಗೆ ಅವನ ಪಾಲಾಯಿತು. ಆ ಕಾಲದಲ್ಲಿ ಕಾವಲು ಏಜೆನ್ಸಿ ಇಡಲು ಅಂತಲೇ ಒಂದು ಕಾನೂನು ನಮ್ಮ ಕಡೆ ಇರಲಿಲ್ಲ. ಬೋರ್ಡು ಬರೆಯುವ ಪೇಂಟರು ಸಿಕ್ಕಿದರೆ ಸಾಕು. ಉದಯನೇ ಅದನ್ನು ಹೇಳಿಕೊಂಡು ನಗುತ್ತಿದ್ದ: "ಹೆಂಡದಂಗಡಿಗೆ ಲೈಸನ್ಸ್ ಬೇಕು, ಕೋವಿಗೆ ಬೇಕು, ರೇಡಿಯೋಕ್ಕೂ ಮೊನ್ನೆಮೊನ್ನೆ ತನಕ ಬೇಕಿತ್ತು. ಕಾವಲಿಗೆ ಬೇಡ. ದೇವರು ದೊಡ್ಡವನು."

ಒಂದೇ ಒಂದು ಮುಳ್ಳಿತ್ತು. ಆಳು ಒದಗಿಸುವ ಗುತ್ತಿಗೆದಾರ ಯಾರೇ ಇರಲಿ, ಆಳುಗಳು ಇಪ್ಪತ್ತಾದರೆ ಕಾರ್ಮಿಕ ಇಲಾಖೆಯ ಲೈಸನ್ಸ್ ತೆಗೆಯಬೇಕು. ಲೈಸನ್ಸ್ ಬಂತೆಂದರೆ ಹಿಂದೆಯೇ ಡಿಪಾಸಿಟ್ಟು, ಪ್ರತಿಯೊಬ್ಬನಿಗೂ ಕೆಲಸದ ಚೀಟಿ, ಇನ್ಸ್‌ಪೆಕ್ಟರ ಭೇಟಿ ಎಲ್ಲ ಬರುತ್ತವೆ. ಹತ್ತೊಂಬತ್ತಾದರೆ ಆ ರಗಳೆ ಒಂದೂ ಇಲ್ಲ. ಉದಯ ಹಾಜರಿ ಪುಸ್ತಕದಲ್ಲಿ ಹಗಲಿಗೆ ಒಂಬತ್ತು, ರಾತ್ರಿಗೆ ಹತ್ತು ಹೆಸರು ಬರೆದು ಗೆರೆ ಎಳೆದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆದರೆ ಸಂಜೆ ಸಿಮೆಂಟು ಹೊರುವ ಹೆಂಗಸರು ಬುಟ್ಟಿ ಹಿಡಿದು ಹೊರಗೆ ಬರುವಾಗ ಅವರ ತಪಾಸಣೆ ಮಾಡಬೇಕಲ್ಲ? ಗಂಡಸರು ಮೈ ಮುಟ್ಟುವಂತಿಲ್ಲ. ಕಂಪನಿಯವರು ಗೇಟಿಗೆ ಹೆಣ್ಣಾಳು ಬೇಕೇ ಬೇಕು ಎಂದರು. ಹಾಗೆ ಬಂದವಳು ಬೀರಿ, ಇಪ್ಪತ್ತನೆಯವಳು. ಉದಯ ಅವಳಿಗೆ ಸೀರೆಯ ಮೇಲೆ ಹಾಕಿಕೊಳ್ಳಲು ಗಂಡಸರ ಬೂದು ಅಂಗಿಯೊಂದನ್ನು ಕೊಟ್ಟು, ಮಣಿಸರ ತೆಗೆದಿಡು ಎಂದ.

"ಕಾಯೂದು ನಾನು ಒಡೆಯಾ, ಮಣಿ ಅಲ್ಲ" ಎಂದಳು ಬೀರಿ. ಮಣಿಸರ ಕುತ್ತಿಗೆಯಲ್ಲೇ ಉಳಿಯಿತು. ಆಮೇಲೆ ಕೇಳಿದಳು, "ನನ್ನ ಹೆಸರು ಪುಸ್ತಕದಲ್ಲಿ ಬರೀಲಿಲ್ಲ?"

"ಬರೆಯೋಣ ಗೋ. ಇದರಲ್ಲಿ ಜಾಗ ಇಲ್ಲ. ಹೊಸ ಪುಸ್ತಕ ಬರ್ಲಿ."

ಎರಡು ವರ್ಷ ಹೊಸ ಪುಸ್ತಕ ಬರಲಿಲ್ಲ. ಬೀರಿ ತಿಂಗಳಿಗೊಮ್ಮೆ ಕೇಳುವುದನ್ನು ಬಿಡಲಿಲ್ಲ, ಉದಯ ನಗುವುದನ್ನು ಬಿಡಲಿಲ್ಲ. ಅವಳ ಕೆಲಸ ಬೆಳಿಗ್ಗೆ ಎಂಟರಿಂದ ಸಂಜೆ ಆರು. ಏಳರ ಮೇಲೆ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂಬ ನಿಯಮವನ್ನು ಉದಯ ಚಾಚೂ ತಪ್ಪದೆ ಪಾಲಿಸಿದ. ಖರ್ಚಿಲ್ಲದ ನಿಯಮ ಪಾಲಿಸುವುದರಲ್ಲಿ ಅವನದು ಎತ್ತಿದ ಕೈ.

ಯಾರ್ಡಿಗೆ ಹತ್ತು ಠಾಣೆ, ಅಂದರೆ ಕಾವಲಿನವರು ನಿಲ್ಲುವ ಹತ್ತು ಜಾಗ. ಲಾರಿ ತೂಗುವ ಕಾಟಾದ ಹತ್ತಿರ ಒಂದನೆಯದು, ಅಲ್ಲಿ ಮುದುಕ ತಿಮ್ಮು. ಗೇಟು ಐದನೆಯದು, ಅಲ್ಲಿ ಬೀರಿ. ಸಿಮೆಂಟು ಗೋದಾಮಿನ ಹಿಂದೆ ಆರನೆಯದು, ಅಲ್ಲಿ ಮಾದ. ಕಬ್ಬಿಣದ ರಾಶಿಗಳ ನಡುವೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ, ಉದಯ ಕೊಟ್ಟ ಸೀಟಿ ಎರಡೇ. ಒಂದು ದಿನ ತಿಮ್ಮು ಬೇಸರ ಹಿಡಿದು ಮಾಳದ ಮೇಲೆ ಕೂತವನ ಹಾಗೆ "ಕೂ..." ಎಂದ. ಹಗಲು ಪಾಳಿಯವರೆಲ್ಲ ಕೊಪ್ಪದ ಕಡೆಯವರೇ. ಎರಡು, ಮೂರು, ನಾಲ್ಕು, ಐದು ಎಂದು ಕೂ ಹತ್ತರವರೆಗೆ ಓಡಿತು. ಅಂದಿನಿಂದ ಎಂಟು, ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಗೆ ಯಾರ್ಡಿನಲ್ಲಿ ಕೂ. ಕಂಪನಿಯ ಮ್ಯಾನೇಜರು ಅದನ್ನು ಕೇಳಿ ಮೆಚ್ಚಿದರು. ಉದಯ ಅದು ತನ್ನದೇ ಐಡಿಯಾ ಎಂದ.

ತೊಂಬತ್ಮೂರರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ಗೋದಾಮಿನ ಹಿಂದಿನ ತಾಡಪಾಲು ಹರಿದಿತ್ತು, ತಾಮ್ರದ ತಂತಿಯ ನಾಲ್ಕು ಸುರುಳಿ ಮಾಯ. ಹಿಂದಿನ ಸಂಜೆ ಏಳಕ್ಕೆ ಮ್ಯಾನೇಜರು ಕಣ್ಣಾರೆ ನೋಡಿ ಹೋಗಿದ್ದರು. ಹಾಗಾದರೆ ಕಳವಾದದ್ದು ರಾತ್ರಿ. ರಾತ್ರಿಯ ಹತ್ತು ಜನರೂ ಉದಯನ ಪುಸ್ತಕದವರು. ಅವರಲ್ಲೊಬ್ಬ ಕದ್ದ ಅಂದರೆ ಗುತ್ತಿಗೆ ಹೋಯಿತು, ನಿದ್ದೆ ಹೊಡೆದರು ಅಂದರೂ ಹೋಯಿತು. ಕಳ್ಳ ಹೊರಗಿನವನೇ ಆಗಬೇಕಿತ್ತು. ಉದಯ ಪೊಲೀಸ್ ಠಾಣೆಗೆ ಹೋಗಿ, ಗೇಟಿನ ಹತ್ತಿರ ದಿನವೂ ಒಬ್ಬ ಹೆಂಗಸು ಸುಳಿದಾಡುತ್ತಾಳೆ, ಅವಳ ಮೇಲೆ ಸಂಶಯ ಎಂದು ಬರೆದುಕೊಟ್ಟ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಜಮಾದಾರರು ಬೀರಿಯನ್ನು ಕರೆಸಿ ಕೇಳಿದರು, "ಯಾರ್ಡಿನಲ್ಲಿ ನಿನಗೆ ಏನು ಕೆಲಸ?"

"ಕಾವಲು."

"ಪುಸ್ತಕದಲ್ಲಿ ನಿನ್ನ ಹೆಸರೇ ಇಲ್ಲವಲ್ಲ. ಉದಯನೂ ನಿನ್ನ ಗುರುತಿಲ್ಲ ಅಂತಾನೆ. ಕಂಪನಿಯವರು ಆಳಿನ ಲೆಕ್ಕ ಅವನದು ಅಂತಾರೆ. ಕಾವಲಿನವಳಲ್ಲದಿದ್ದರೆ ದಿನಾ ಅಲ್ಲಿ ನಿಂತು ಏನು ನೋಡ್ತಿದ್ದೆ?"

ಬೀರಿಗೆ ಕಣ್ಣ ಮುಂದೆ ಕ್ವಾರಿಯ ಮಾಲೀಕನ ಬೆರಳು ಬಂತು. ಅಂದು ಗಂಡ ಇಲ್ಲವಾಗಿದ್ದ, ಇಂದು ಅವಳು. ಗಂಡ ಬರೀ ಇಲ್ಲವಾಗಿದ್ದ, ಅವಳು ಕಳ್ಳಿಯೂ ಆಗಿದ್ದಳು. ಪ್ರತಿ ಸೋಮವಾರ ಬಂದು ಹೆಬ್ಬೆಟ್ಟು ಒತ್ತಿ ಹೋಗು, ಊರು ಬಿಡಬೇಡ ಎಂದು ಹೇಳಿ ಜಮಾದಾರರು ಕಳಿಸಿದರು.

ಮರುದಿನ ಎಂಟು ಗಂಟೆಗೆ ಬೂದು ಅಂಗಿ ಹಾಕಿಕೊಂಡು ಬೀರಿ ಗೇಟಿಗೆ ಬಂದಳು. ಉದಯ ಅಡ್ಡ ನಿಂತಿದ್ದ.

"ಕಿತೆಂ ಗೋ, ಏನಿದು? ನಾಚಿಕೆ ಇಲ್ವಾ? ಅಂಗಿ ಬಿಚ್ಚಿಟ್ಟು ನಡಿ."

"ಉದಯಾ," ಎಂದಳು ಬೀರಿ. ಒಡೆಯಾ ಎಂಬ ಮಾತು ಅಂದಿನಿಂದ ಅವಳ ಬಾಯಲ್ಲಿ ಬರಲಿಲ್ಲ. "ನಿನ್ನ ಪುಸ್ತಕದಲ್ಲಿ ನನ್ನ ಹೆಸರು ಬಂದ ದಿನ ಬಿಚ್ತೆ. ಅಲ್ಲೀವರೆಗೆ ಇಲ್ಲೇ ನಿಲ್ತೆ."

"ಇದು ಕಂಪನಿ ಜಾಗ."

ಬೀರಿ ಹತ್ತು ಹೆಜ್ಜೆ ಹಿಂದೆ ಹೋಗಿ ಹೆದ್ದಾರಿಯ ಅಂಚಿಗೆ ನಿಂತಳು. "ಇದು ಸರ್ಕಾರದ್ದು. ಎಬ್ಸು ನೋಡ್ವಾ."

ಹತ್ತು ಗಂಟೆಗೆ ತಿಮ್ಮುವಿನ ಕೂ ಬಂತು. ಎರಡು, ಮೂರು, ನಾಲ್ಕು. ಆಮೇಲೆ ಯಾರ್ಡೆಲ್ಲ ಸುಮ್ಮನಾಯಿತು. ಹೆದ್ದಾರಿಯ ಅಂಚಿನಿಂದ ಬೀರಿ ಗಂಟಲು ತೆರೆದು ಕೂಗಿದಳು. ಗೋದಾಮಿನ ಹಿಂದಿನಿಂದ ಮಾದ ಓಗೊಟ್ಟ, ಕೂ ಮುಂದಕ್ಕೆ ಓಡಿತು. ಉದಯ ಹಲ್ಲು ಕಡಿದು ಮಾದನ ಹತ್ತಿರ ಹೋಗಿ, ನಾಲ್ಕರ ನಂತರ ನೀನೇ ಕೂಗು ಎಂದರೆ ಮಾದ ತಲೆ ಕೆರೆದುಕೊಂಡ. "ಬದುಕಿದ್ದವರ ಹಾರ್ಸಿ ಕೂಗೂದು ನಮ್ಮಲ್ಲಿಲ್ಲ ಒಡೆಯಾ. ಕೈ ಬೇಕಾರೆ ಕಡೀರಿ."

ಇದನ್ನು ಕೇಳಿ ಮಾದ ಹುಲಿ ಎಂದುಕೊಳ್ಳಬೇಡಿ. ಠಾಣೆಗೆ ಬಂದು ನನ್ನ ಪರ ಒಂದು ಮಾತು ಹೇಳಿ ಎಂದು ಬೀರಿ ಒಂಬತ್ತೂ ಜನರ ಮನೆ ಬಾಗಿಲಿಗೆ ಹೋದಳು. ಒಬ್ಬನಿಗೆ ಮಗಳ ಮದುವೆ, ಒಬ್ಬನಿಗೆ ತಾಯಿಗೆ ಹುಷಾರಿಲ್ಲ, ಮಾದನಿಗೆ ಮೂರು ಮಕ್ಕಳು. ಎಲ್ಲರೂ ನೆಲ ನೋಡಿದರು. "ಕೂ ಅನ್ನೂಕೆ ಮಾತ್ರ ಬಾಯಿ ಅದೆ ನಿಮಗೆ" ಎಂದು ಬೈದು ಬಂದಳು. ಮನೆಯಲ್ಲಿ ಮಲಗಿದಲ್ಲೇ ಸುಕ್ರು, "ಬಿಡೇ ಸಾಕು, ನಮ್ಮಂತವರ ಹೆಸರು ಯಾವ ಪುಸ್ತಕದಲ್ಲಿ ಅದೆ?" ಎಂದ. ಆ ಮಾತಿಗೆ ಬೀರಿಗೆ ಬಂದ ಸಿಟ್ಟು ಉದಯನ ಮೇಲೂ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಎಂಟರ ಕೂ ಮುಗಿಸಿಕೊಂಡು ಅವಳು ಕಾರವಾರದ ಬಸ್ಸು ಹತ್ತಿದಳು. ಅವಳು ಕೂಗದೆ ಬಿಟ್ಟದ್ದು ಆ ಒಂದು ದಿನ ಮಾತ್ರ. ಹೋಗುವ ಮುಂಚೆ ಮಾದನಿಗೆ ಹೇಳಿಯೇ ಹೋಗಿದ್ದಳು. ಹೇಳಿ ಹೋದವರಿಗೆ ಕೂ ಮಾಫಿ.

ಲೇಬರ್ ಆಫೀಸಿನ ಗುಮಾಸ್ತ ಅರ್ಜಿ ಬರೆಸಿಕೊಂಡು ಬಾ ಎಂದ. ಬರೆಸಿಕೊಂಡು ಬಂದರೆ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ಎಂದ. ಸಂಜೆಯಾಯಿತು. ಇನ್ಸ್‌ಪೆಕ್ಟರು ಹೆಂಗಸು, ದಮಯಂತಿ ಎಂದು ಹೆಸರು. ಚೀಲ ಹೆಗಲಿಗೇರಿಸಿ ಹೊರಟವರು, "ನಾಳೆ ಬಾ" ಎಂದರು. ಬೀರಿ ನಾಳೆಯ ತನಕ ಕಾಯಲಿಲ್ಲ. ಹಬ್ಬುವಾಡದವರೆಗೆ ಅವರ ಹಿಂದೆಯೇ ನಡೆದು, ಅವರ ಮನೆಯ ಮೆಟ್ಟಿಲ ಮೇಲೆ ಕೂತಳು. ದಮಯಂತಿ ಮೊದಲು ರೇಗಿದರು, ಆಮೇಲೆ ಚಹಾ ತಂದುಕೊಟ್ಟರು, ಆಮೇಲೆ ತಾವೂ ಮೆಟ್ಟಿಲ ಮೇಲೆ ಕೂತರು.

"ನೀವು ಒಟ್ಟು ಎಷ್ಟು ಜನ?"

"ಇಪ್ಪತ್ತು, ಅಕ್ಕೋರೆ."

"ಪುಸ್ತಕದಲ್ಲಿ?"

"ಹತ್ತೊಂಬತ್ತು."

ದಮಯಂತಿ ಕಪ್ಪು ಕೆಳಗಿಟ್ಟರು. ಒಂದು ಆಳಿನ ಮರೆಯಲ್ಲಿ ಇಡೀ ಕಾನೂನನ್ನು ಅಡಗಿಸಿದವರನ್ನು ಅವರು ಬೇಕಾದಷ್ಟು ನೋಡಿದ್ದರು, ಆ ಅಡಗಿಸಿಟ್ಟ ಆಳು ಎದ್ದು ಬಂದು ಮೆಟ್ಟಿಲ ಮೇಲೆ ಕೂತದ್ದನ್ನು ನೋಡಿರಲಿಲ್ಲ. "ಜೊತೆಯವರು ಸಾಕ್ಷಿ ಹೇಳ್ತಾರಾ?" ಎಂದು ಕೇಳಿದರು.

"ಹೇಳೂದಿಲ್ಲ. ಅವರ ಕೂ ಹೇಳ್ತದೆ" ಎಂದು ಬೀರಿ ಮಾಳದ ಕಟ್ಟಳೆಯನ್ನು ವಿವರಿಸಿದಳು.

ದಮಯಂತಿಗೆ ಪುರುಸೊತ್ತಾಗಲು ಏಪ್ರಿಲ್ ಬಂತು. ಅಲ್ಲಿಯವರೆಗೂ ಬೀರಿ ಬಿಸಿಲಿನಲ್ಲಿ ಹೆದ್ದಾರಿಯ ಅಂಚಿನಲ್ಲಿ ನಿಂತೇ ಇದ್ದಳು. ಲಾರಿಯವರು ನಗುತ್ತಿದ್ದರು, ಕೆಲವರು ಹುಚ್ಚಿ ಎಂದರು. ಹೊಟ್ಟೆಗೆ ಬೆಳಗಿನ ಜಾವ ತರಕಾರಿ ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಹೋಗಿ ಬರುತ್ತಿದ್ದಳು. ಸೋಮವಾರ ಠಾಣೆಗೆ ಹೋಗಿ ಹೆಬ್ಬೆಟ್ಟು ಒತ್ತುವಾಗಲೂ ಬೂದು ಅಂಗಿಯನ್ನೇ ಹಾಕಿಕೊಂಡು ಹೋದಳು.

ಐವತ್ತಮೂರನೆಯ ದಿನ ಇನ್ಸ್‌ಪೆಕ್ಟರು ಬರುವ ಸುದ್ದಿ ಉದಯನಿಗೆ ಮೊದಲೇ ಮುಟ್ಟಿತ್ತು. ಹನ್ನೆರಡರ ಕೂ ಮುಗಿಯುತ್ತಲೇ ಒಂಬತ್ತು ಹೊಸ ಸೀಟಿ ತಂದು ಹಂಚಿದ. "ಇವತ್ತಿಂದ ಕೂ ಇಲ್ಲ, ಸೀಟಿ. ಬೀರಿ ಅಂದ್ರೆ ಯಾರು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿದೆ ಅಂದವನು ನಾಳೆ ಬರೋದು ಬೇಡ" ಎಂದ.

ಎರಡು ಗಂಟೆಗೆ ಅರ್ಧ ಗಂಟೆ ಇರುವಾಗ ದಮಯಂತಿ ಬಂದು ಗೇಟಿನೊಳಗೆ ಕುರ್ಚಿ ಹಾಕಿಸಿಕೊಂಡು ಕೂತರು, ಬೀರಿಯನ್ನೂ ಒಳಗೆ ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಉದಯ ಪುಸ್ತಕ ಒಪ್ಪಿಸಿದ. ಅಂಥ ಚೊಕ್ಕ ಪುಸ್ತಕ ಕಾರವಾರದ ಖಜಾನೆಯಲ್ಲೂ ಇರಲಿಕ್ಕಿಲ್ಲ. ಒಬ್ಬೊಬ್ಬರನ್ನೇ ಕರೆದು ದಮಯಂತಿ ಕೇಳಿದರು, "ಈ ಹೆಂಗಸು ಯಾರು?" ತಿಮ್ಮು ಗೊತ್ತಿಲ್ಲ ಎಂದ. ಎರಡನೆಯವನೂ ಮೂರನೆಯವನೂ ಗೊತ್ತಿಲ್ಲ ಎಂದರು. ಮಾದ ತನ್ನ ಕಾಲಿನ ಹೆಬ್ಬೆರಳಿಗೆ ಹೇಳುವವನ ಹಾಗೆ, "ಗೊತ್ತಿಲ್ಲ, ಅಕ್ಕೋರೆ" ಎಂದ.  ಬೀರಿ ಒಬ್ಬೊಬ್ಬನ ಮುಖವನ್ನೂ ನೆಟ್ಟಗೆ ನೋಡಿದಳು, ಒಬ್ಬನೂ ಅವಳ ಮುಖ ನೋಡಲಿಲ್ಲ.

"ಎಲ್ಲರೂ ನಿಮ್ಮ ನಿಮ್ಮ ಜಾಗಕ್ಕೆ ಹೋಗಿ" ಎಂದರು ದಮಯಂತಿ. "ಎರಡು ಗಂಟೆಗೆ ಏನು ಮಾಡ್ತೀರೋ ಅದನ್ನು ಮಾಡಿ." ಬೀರಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ಏನೇ ಆಗ್ಲಿ, ನೀನು ಬಾಯಿ ಬಿಡಬೇಡ."

ಎರಡು ಹೊಡೆಯಿತು. ಕಾಟಾದ ಕಡೆಯಿಂದ ಫುಸ್ ಎಂದು ಗಾಳಿಯ ಸದ್ದು ಬಂತು. ತಿಮ್ಮುವಿಗೆ ಮುಂದಿನ ಹಲ್ಲು ಒಂದೂ ಇರಲಿಲ್ಲ, ಸೀಟಿ ಬಾಯಲ್ಲಿ ನಿಲ್ಲುವುದಾದರೂ ಹೇಗೆ? ಇನ್ನೊಮ್ಮೆ ಫುಸ್ ಎಂದಿತು. ಉದಯ ಬೆವರು ಒರೆಸಿಕೊಂಡ. ಆಮೇಲೆ ಮುದುಕ ಸೀಟಿಯನ್ನು ಉಗಿದನೋ ಏನೋ, ಯಾರ್ಡಿನ ಆ ತುದಿಯಿಂದ ಉದ್ದಕ್ಕೆ, ಒಂದು ಬಯಲನ್ನೇ ದಾಟುವ ಹಾಗೆ, "ಕೂ..." ಬಂತು.

ಎರಡನೆಯವನು ಓಗೊಟ್ಟ. ಮೂರನೆಯವನು ಓಗೊಟ್ಟ. ನಾಲ್ಕನೆಯವನು ಓಗೊಟ್ಟ.

ಆಮೇಲೆ ಏನೂ ಇಲ್ಲ. ಬೀರಿ ತುಟಿ ಕಚ್ಚಿ ನಿಂತಿದ್ದಳು. ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು, ಅದರ ಸದ್ದೂ ಅಡಗಿತು. "ಅಷ್ಟೇ ಮೇಡಂ, ನಾಲ್ಕೇ ಜನ ಕೂಗೋದು" ಎಂದ ಉದಯ. ದಮಯಂತಿ ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು. ಗೋದಾಮಿನ ಹಿಂದೆ ಯಾರೋ ಓಡುವ ಸದ್ದಾಯಿತು. ಕೋಲು ಹಿಡಿದು, ಟೊಪ್ಪಿ ಬಿದ್ದರೂ ನೋಡದೆ, ಮಾದ ಏದುಸಿರು ಬಿಡುತ್ತ ಗೇಟಿಗೆ ಬಂದ.

"ಬೀರೀ! ಎಂತಾ ಆತೇ ನಿಂಗೆ? ಕೂ ಎಂತಕೆ ಬರ್ಲಿಲ್ಲ?"

ಕೇಳಿದ ಮೇಲೆ ಅವನಿಗೆ ಕುರ್ಚಿ ಕಂಡಿತು, ಕುರ್ಚಿಯ ಮೇಲಿನ ದಮಯಂತಿ ಕಂಡರು, ಉದಯ ಕಂಡ.

"ಕಾಲು ಗಂಟೆ ಹಿಂದೆ ಈ ಹೆಂಗಸು ಯಾರು ಅಂತ ಗೊತ್ತಿಲ್ಲ ಅಂದಿದ್ದೆ" ಎಂದರು ದಮಯಂತಿ.

ಮಾದ ಉದಯನನ್ನು ನೋಡಿದ, ಬೀರಿಯನ್ನು ನೋಡಿದ, ಬಗ್ಗಿ ಕೋಲನ್ನು ನೆಲದ ಮೇಲಿಟ್ಟ. "ಗೊತ್ತದೆ ಅಕ್ಕೋರೆ. ಐದ್ನೇದವಳು. ಎರಡು ವರ್ಷ ಆತು. ಬೆಳಿಗ್ಗೆ ಎಂಟಕ್ಕೆ ಬತ್ತದೆ, ಸಂಜೆ ಆರಕ್ಕೆ ಹೋತದೆ. ಸುಳ್ಳು ಹೇಳ್ದೆ, ತಪ್ಪಾತು."

ಮಾದ ನಿಜವಾಗಿ ಮೈಮರೆತು ಓಡಿ ಬಂದನೋ, ಬೇಕೆಂದೇ ಬಂದನೋ ಎಂದು ಊರವರು ವರ್ಷಗಟ್ಟಲೆ ಕೇಳಿದರು. ಅವನು ಎಲೆಯಡಿಕೆ ಜಗಿಯುತ್ತ ನಗುತ್ತಿದ್ದನೇ ಹೊರತು ಹೇಳಲಿಲ್ಲ. ಅಂದು ಬೀರಿ ಅದನ್ನು ಕೇಳಲಿಲ್ಲ. ತಲೆ ಹಿಂದಕ್ಕೆ ಎಸೆದು, ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗಿದಳು. ಪಕ್ಕದಲ್ಲೇ ನಿಂತ ಮಾದ ಓಗೊಟ್ಟ. ಏಳು, ಎಂಟು, ಒಂಬತ್ತು, ಹತ್ತು ಎಂದು ಕೂ ಯಾರ್ಡಿನ ಕಡೆಯವರೆಗೂ ಹೋಯಿತು. ದಮಯಂತಿ ಬೆರಳು ಮಡಚಿ ಎಣಿಸಿದರು. ಪುಸ್ತಕದಲ್ಲಿ ಹಗಲಿಗೆ ಒಂಬತ್ತೇ ಹೆಸರು.

ಉದಯ ಕಡೆಯ ದಾಳ ಎಸೆದ. "ಆಯ್ತು ಮೇಡಂ, ನಾಳೆಯಿಂದ ಒಬ್ಬನ ತೆಗೀತೇನೆ. ಹತ್ತೊಂಬತ್ತೇ ಆಯ್ತಲ್ಲ?"

"ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದೇ ಒಂದು ದಿನ ಇಪ್ಪತ್ತಾಗಿದ್ದರೂ ಕಾನೂನಿಗೆ ಸಾಕು" ಎಂದರು ದಮಯಂತಿ. "ಯಾರನ್ನೂ ತೆಗೆಯೋ ಹಾಗಿಲ್ಲ. ಲೈಸನ್ಸಿಗೆ ಅರ್ಜಿ ಹಾಕು. ಮೊದಲು ಇವಳ ಹೆಸರು ಬರೆ."

ಉದಯ ಪುಟದ ಕೆಳಗೆ ಇಪ್ಪತ್ತು ಎಂದು ಅಂಕಿ ಹಾಕಿದ. ಬೀರಿ ಪುಸ್ತಕದ ಮೇಲೆ ಕೈ ಇಟ್ಟಳು. "ಬಾಲದಲ್ಲಿ ಬೇಡ. ನಾನು ಐದನೇದವಳು. ನಾಲ್ಕರ ನಂತರ ಬರಿ."

"ಅಲ್ಲಿ ಜಾಗ ಎಲ್ಲಿದೆ ಗೋ?"

"ಹೊಸ ಪುಸ್ತಕ ತರ್ತೆ ಹೇಳಿದ್ಯಲ್ಲ. ತಕಂಬಾ."

ದಮಯಂತಿ ನಗು ತಡೆದುಕೊಂಡು ಹೆದ್ದಾರಿಯ ಕಡೆ ನೋಡಿದರು. ಸಂಜೆಯೊಳಗೆ ಅಂಕೋಲೆಯಿಂದ ಹೊಸ ಪುಸ್ತಕ ಬಂತು, ಇಪ್ಪತ್ತು ಹೆಸರನ್ನೂ ಉದಯ ತನ್ನ ಕೈಯಾರೆ ಬರೆದ. ಐದಕ್ಕೆ ಬಂದಾಗ ದಮಯಂತಿ ಬೀರಿಯನ್ನು ಗಂಡನ ಹೆಸರೇನು ಎಂದು ಕೇಳಿದರು. ಬೀರಿ ಗಂಡನ ಹೆಸರನ್ನು ಎಂದೂ ಬಾಯಿ ಬಿಟ್ಟು ಹೇಳಿದವಳಲ್ಲ. ಅಂದು ಹೇಳಿದಳು, ಮಾದನಿಗೂ ಕೇಳುವ ಹಾಗೆ.

ಇನ್ಸ್‌ಪೆಕ್ಟರ ವರದಿಯ ಪ್ರತಿ ಠಾಣೆಗೆ ಹೋಯಿತು. ಎಂಟರಿಂದ ಆರರ ತನಕ ಗೇಟಿನ ಕಾವಲು, ಕಳವು ರಾತ್ರಿಯದು ಎಂದು ಓದಿ ಜಮಾದಾರರು, "ಇನ್ನು ಸೋಮವಾರ ಬರೋದು ಬೇಡ" ಎಂದರು. ತಂತಿ ಕದ್ದವನು ಸಿಗಲೇ ಇಲ್ಲ. ಬೀರಿ ಬೂದು ಅಂಗಿ ಬಿಚ್ಚಿ ಒಗೆದು ಒಣಹಾಕಿದಳು, ಮರುದಿನ ಅದನ್ನೇ ಹಾಕಿಕೊಂಡು ಗೇಟಿನ ಒಳಗೆ ನಿಂತಳು. ತೊಂಬತ್ತೆಂಟರಲ್ಲಿ ಯಾರ್ಡು ಮುಚ್ಚುವ ತನಕ ಅವಳ ಜಾಗ ಅದೇ.

ಕೆಲಸದ ಚೀಟಿ ಕೈಗೆ ಬಂದ ಸಂಜೆ ಅದನ್ನು ಮನೆಗೆ ಒಯ್ದು, ಮಲಗಿದ್ದ ಸುಕ್ರುವಿನ ಕೈಯಲ್ಲಿಟ್ಟಳು. ಇಬ್ಬರಿಗೂ ಓದಲು ಬರುತ್ತಿರಲಿಲ್ಲ. ಯಾವ ಅಕ್ಷರ ಏನು ಎಂದು ದಮಯಂತಿಯ ಹತ್ತಿರ ಎರಡೆರಡು ಸಲ ಕೇಳಿಕೊಂಡು ಬಂದಿದ್ದಳು. ಗಂಡನ ಬೆರಳು ಹಿಡಿದು ಒಂದು ಕಡೆ ಇಟ್ಟಳು.

"ಇದು ನಾನು. ಬೀರಿ ಕೋಂ..." ಬೆರಳನ್ನು ಮುಂದಕ್ಕೆ ಸರಿಸಿದಳು. "ಇದು ನೀನು. ಪುಸ್ತಕದಲ್ಲೂ ಹಿಂಗೇ ಅದೆ. ನಾ ಕಣ್ಣಾರೆ ನೋಡ್ದೆ."

ಸುಕ್ರು ಆ ಎರಡು ಅಕ್ಷರದ ಮೇಲಿಂದ ಬೆರಳು ತೆಗೆಯಲಿಲ್ಲ. ಬೀರಿ ಗಂಜಿ ಕಾಸಲು ಒಲೆಯ ಕಡೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ, ನಾಲ್ಕು ವರ್ಷದಿಂದ ಗಟ್ಟಿ ದನಿ ತೆಗೆಯದವನು, ಚಾಪೆಯ ಮೇಲಿಂದಲೇ "ಕೂ..." ಎಂದ.

ಒಲೆಯ ಹತ್ತಿರದಿಂದ ಬೀರಿ ಓಗೊಟ್ಟಳು.